ಶೇಕಡಾವಾರು ಬೇಡ, ನಾಲ್ಕು ವರ್ಷದ ರೂಪಾಯಿ ಲೆಕ್ಕ ಕೊಡಿಸಿ

ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಾರ್ಯನಿರ್ವಾಹಕ ನಿರ್ದೇಶಕರಿಗೆ,

ಮಾನ್ಯರೇ,

ನಾನು ತಿಪಟೂರು ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ದಿನದಿಂದ ಸಿಇಟಿ ಸೀಟು ಹಂಚಿಕೆಯ ಕೊನೆಯ ಸುತ್ತಿನವರೆಗೆ ನನ್ನ ಮೇಜಿನ ಎದುರಿನ ಕುರ್ಚಿ ಖಾಲಿ ಇರುವುದಿಲ್ಲ. ಯಾರಾದರೊಬ್ಬರು ಅಪ್ಪನೋ ಅಮ್ಮನೋ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ಬಂದು ಕುಳಿತಿರುತ್ತಾರೆ. ಮೊದಲೆಲ್ಲ ಅವರು ಕೇಳುತ್ತಿದ್ದದ್ದು, ‘ಸರ್, ಈ ರ‍್ಯಾಂಕಿಗೆ ಯಾವ ಎಂಜಿನಿಯರಿಂಗ್ ಕಾಲೇಜು ಸಿಗಬಹುದು?’ ಎಂದು. ಈಗ ಕೇಳುವುದು, ‘ಸರ್, ಇವರು ಶೇ 50 ಸ್ಕಾಲರ್‌ಶಿಪ್ ಕೊಡುತ್ತಾರಂತೆ, ಅವರು ಶೇ 75 ಕೊಡುತ್ತಾರಂತೆ, ಯಾವುದಕ್ಕೆ ಸೇರಿಸಲಿ?’ ಎಂದು. ಈ ಎರಡನೇ ಪ್ರಶ್ನೆಗೆ ಉತ್ತರ ಹೇಳಲು ಬೇಕಾದ ಮಾಹಿತಿ ಆ ತಂದೆಯ ಬಳಿಯೂ ಇಲ್ಲ, ನನ್ನ ಬಳಿಯೂ ಇಲ್ಲ. ಅದನ್ನು ನಮ್ಮ ಕೈಗೆ ಕೊಡಿಸುವ ಅಧಿಕಾರ ನಿಮಗಿದೆ. ಅದಕ್ಕಾಗಿ ಈ ಪತ್ರ.

ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ. ಹೆಸರು ಬೇಡ, ಅವಳು ಸೇರಿದ ಕಾಲೇಜಿನ ಹೆಸರೂ ಬೇಡ. ಹತ್ತನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಲನಶಾಸ್ತ್ರದ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬಿಡಿಸುವ ಮೊದಲೇ ಉತ್ತರವನ್ನು ಪುಸ್ತಕದ ಅಂಚಿನಲ್ಲಿ ಬರೆದು ಸುಮ್ಮನೆ ಕುಳಿತಿರುತ್ತಿದ್ದಳು. ಅಪ್ಪನಿಗೆ ಮೂರು ಎಕರೆ ತೆಂಗಿನ ತೋಟ. ಸಿಇಟಿ ಬರೆಯುವ ಮೊದಲೇ ಅವಳಿಗೆ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಿಂದ ಒಂದು ಪತ್ರ ಬಂತು. ದಪ್ಪ ಕಾಗದ, ಹೊಂಬಣ್ಣದ ಅಂಚು, ಅವಳ ಹೆಸರು ದೊಡ್ಡ ಅಕ್ಷರದಲ್ಲಿ. ಬೋಧನಾ ಶುಲ್ಕದಲ್ಲಿ ಶೇ 60ರಷ್ಟು ಪ್ರತಿಭಾ ವಿದ್ಯಾರ್ಥಿವೇತನ. ಅಪ್ಪ ಅದರ ಮೊದಲ ಪುಟಕ್ಕೆ ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದರು. ಉಳಿದ ಮೂರು ಪುಟಗಳನ್ನು ಮಡಚಿ ಚೀಲದ ತಳದಲ್ಲಿ ಇಟ್ಟಿದ್ದರು. ಷರತ್ತುಗಳಿದ್ದದ್ದು ಆ ಮೂರು ಪುಟಗಳಲ್ಲಿ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ.

ಆ ಮನುಷ್ಯ ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯಿ ಒಣಗಿಸಿ, ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಕಳಚಿಕೊಂಡ ಸದ್ದು ಕೇಳಿದ ಮೇಲೆಯೇ ಕೊಬ್ಬರಿ ಸುಲಿಯುವವರು. ಕೇಳದೆ, ನೋಡದೆ ವ್ಯವಹಾರ ಮಾಡುವವರಲ್ಲ. ಆದರೆ ಆ ಮೂರು ಪುಟಗಳನ್ನು ಪರೀಕ್ಷಿಸುವ ದಾರಿ ಅವರಿಗೆ ಗೊತ್ತಿರಲಿಲ್ಲ. ಏಳು ದಿನದೊಳಗೆ 50,000 ರೂಪಾಯಿ ಕಟ್ಟಿ ಸೀಟು ಕಾದಿರಿಸದಿದ್ದರೆ ವಿದ್ಯಾರ್ಥಿವೇತನ ಬೇರೆಯವರಿಗೆ ಹೋಗುತ್ತದೆ ಎಂದು ದಿನಕ್ಕೆ ಎರಡು ಸಲ ಫೋನ್ ಬರುತ್ತಿತ್ತು. ನನ್ನ ಬಳಿ ಬರುವ ಹೊತ್ತಿಗೆ ಹಣ ಕಟ್ಟಿ ಆಗಿತ್ತು.

ಮೂರನೇ ಪುಟದಲ್ಲಿ ಇದ್ದದ್ದು ಇಷ್ಟು: ಪ್ರತಿ ವರ್ಷದ ಕೊನೆಯಲ್ಲಿ ಸರಾಸರಿ ಗ್ರೇಡ್ ಅಂಕ 8.5ಕ್ಕಿಂತ ಕಡಿಮೆಯಾದರೆ ವಿದ್ಯಾರ್ಥಿವೇತನ ರದ್ದು. ಒಮ್ಮೆ ರದ್ದಾದರೆ ಮತ್ತೆ ಸಿಗುವುದಿಲ್ಲ. ಮೊದಲ ವರ್ಷದ ಕೊನೆಗೆ ಅವಳಿಗೆ ಬಂದದ್ದು 8.31.

ಆ 0.19ರ ಬೆಲೆಯನ್ನು ನಾನು ಲೆಕ್ಕ ಹಾಕಿದ್ದೇನೆ. ವರ್ಷದ ಬೋಧನಾ ಶುಲ್ಕ 3.6 ಲಕ್ಷ ರೂಪಾಯಿ. ಶೇ 60 ಕಳೆದರೆ ಕಟ್ಟಬೇಕಾದದ್ದು 1.44 ಲಕ್ಷ; ನಾಲ್ಕು ವರ್ಷಕ್ಕೆ 5.76 ಲಕ್ಷ. ಅಪ್ಪನ ಮನಸ್ಸಿನಲ್ಲಿ ಇದ್ದದ್ದು ಈ ಮೊತ್ತ. ಮೊದಲ ವರ್ಷದ ನಂತರ ರಿಯಾಯಿತಿ ತಪ್ಪಿದ್ದರಿಂದ ಒಟ್ಟು 12.24 ಲಕ್ಷವಾಯಿತು. ವ್ಯತ್ಯಾಸ 6.48 ಲಕ್ಷ. ಹಾಸ್ಟೆಲ್, ಪರೀಕ್ಷಾ ಶುಲ್ಕ, ‘ಕೌಶಲ ಅಭಿವೃದ್ಧಿ ಶುಲ್ಕ’ ಇವೆಲ್ಲ ಬೇರೆ. ಅವುಗಳಿಗೆ ವಿದ್ಯಾರ್ಥಿವೇತನ ಮೊದಲಿನಿಂದಲೂ ಅನ್ವಯಿಸುತ್ತಿರಲಿಲ್ಲ. ಅವಳ ಸಿಇಟಿ ರ‍್ಯಾಂಕಿಗೆ ಹಿಂದಿನ ವರ್ಷದ ಹಂಚಿಕೆಯ ಪ್ರಕಾರ ಮೈಸೂರಿನಲ್ಲೋ ಹಾಸನದಲ್ಲೋ ಹಳೆಯ, ಹೆಸರು ಗಳಿಸಿದ ಕಾಲೇಜಿನಲ್ಲಿ ಸರ್ಕಾರಿ ಸೀಟು ದೊರೆಯುತ್ತಿತ್ತು. ಸಿಇಟಿ ಮೂಲಕ ಖಾಸಗಿ ಕಾಲೇಜಿಗೆ ಹೋದರೂ ವರ್ಷದ ಶುಲ್ಕ ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅನುದಾನಿತ ಸೀಟು ಸಿಕ್ಕರೆ ಅದಕ್ಕಿಂತ ಎಷ್ಟೋ ಕಡಿಮೆ.

ಬ್ಯಾಂಕಿನವರು ಮೊದಲ ವರ್ಷದ ಪತ್ರ ನೋಡಿ ರಿಯಾಯಿತಿ ಕಳೆದ ಮೊತ್ತಕ್ಕೆ ಸಾಲ ಮಂಜೂರು ಮಾಡಿದ್ದರು. ಶೈಕ್ಷಣಿಕ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಹೊಸ ಲೆಕ್ಕ ಆ ಗೆರೆ ದಾಟಿತು. ತೋಟದ ಪತ್ರ ಬ್ಯಾಂಕಿಗೆ ಹೋಯಿತು. ಎರಡನೇ ವರ್ಷದ ಶುಲ್ಕಕ್ಕೆ ಕೊನೆಯ ದಿನ ಹತ್ತಿರ ಬಂದಾಗ ಅಟ್ಟಕ್ಕೆ ಏರಬೇಕಿದ್ದ ಕಾಯಿಯನ್ನು ಹಸಿಯಾಗಿಯೇ ಮಾರಿದರು. ಕೊಬ್ಬರಿಗೆ ಕಾಯಲು ಹನ್ನೊಂದು ತಿಂಗಳು ಬೇಕು. ಕಾಲೇಜು ಕೊಟ್ಟದ್ದು ಹದಿನೈದು ದಿನ.

ಅವಳು ಓದಲಿಲ್ಲ, ಅದಕ್ಕೆ ಕಳೆದುಕೊಂಡಳು ಎಂದು ಹೇಳುವವರಿದ್ದಾರೆ. ಮೊದಲ ಸೆಮಿಸ್ಟರ್‌ನಲ್ಲಿ ಅವಳ ಎದುರು ಇದ್ದದ್ದೇನು ಎಂದು ನನಗೆ ಗೊತ್ತು, ಏಕೆಂದರೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಪಾಠ ಅರ್ಥವಾಗುತ್ತಿತ್ತು, ಬರೆಯಲು ಇಂಗ್ಲಿಷ್ ವಾಕ್ಯ ಸಿಗುತ್ತಿರಲಿಲ್ಲ. ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಪಕ್ಕದ ಹುಡುಗ ಎಂಟನೇ ತರಗತಿಯಿಂದ ಕೋಡ್ ಬರೆದವನು. ಇವಳು ಕೀಲಿಮಣೆಯ ಮೇಲೆ ಅಕ್ಷರ ಹುಡುಕುತ್ತಿದ್ದಳು. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ಮಕ್ಕಳ ಮೊದಲ ವರ್ಷ ಹೀಗೆಯೇ ಇರುತ್ತದೆ. ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ಅವಳಿಗೆ 8.9 ಬಂತು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರ ಮೀಸಲಾತಿ ಇಟ್ಟ ಸರ್ಕಾರಕ್ಕೆ ಈ ಮಕ್ಕಳ ಕಷ್ಟ ತಿಳಿದಿದೆ. ಅದೇ ಮಕ್ಕಳು ಅತ್ಯಂತ ದುರ್ಬಲರಾಗಿರುವ ಹೊತ್ತಿಗೆ ತಕ್ಕಡಿ ಹಿಡಿಯುವ ಷರತ್ತುಗಳ ಬಗ್ಗೆ ಸರ್ಕಾರ ಈವರೆಗೆ ಏನೂ ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಬಗೆಯ ಷರತ್ತು ಇದಕ್ಕಿಂತ ಕೆಟ್ಟದ್ದು. ‘ತರಗತಿಯ ಮೊದಲ ಶೇ 10ರಲ್ಲಿ ಇರಬೇಕು’ ಎನ್ನುತ್ತದೆ ಅದು. ಗಣಿತದ ಮೇಷ್ಟ್ರಾಗಿ ಇದನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ. ಅರವತ್ತು ಜನರ ತರಗತಿ ಎಂದುಕೊಳ್ಳಿ. ಅದರಲ್ಲಿ ಇಪ್ಪತ್ತು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡಿದ್ದಾರೆ ಎಂದುಕೊಳ್ಳಿ. ಮೊದಲ ಶೇ 10 ಎಂದರೆ ಆರು ಜನ. ಇಪ್ಪತ್ತು ಮಕ್ಕಳೂ ಹಗಲು ರಾತ್ರಿ ಓದಿದರೂ, ಎಲ್ಲರಿಗೂ ಒಂಬತ್ತರ ಮೇಲೆ ಬಂದರೂ, ಕನಿಷ್ಠ ಹದಿನಾಲ್ಕು ಜನ ಕಳೆದುಕೊಳ್ಳಲೇಬೇಕು. ಯಾರು ಕಳೆದುಕೊಳ್ಳುತ್ತಾರೆ ಎಂಬುದಷ್ಟೇ ಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ; ಎಷ್ಟು ಜನ ಎಂಬುದು ಪತ್ರ ಅಚ್ಚಾದ ದಿನವೇ ತೀರ್ಮಾನವಾಗಿರುತ್ತದೆ. ಪತ್ರ ಕೈಗೆ ಬಂದಾಗ ಆ ಇಪ್ಪತ್ತು ಮನೆಗಳಲ್ಲೂ ಸಿಹಿ ಹಂಚಿರುತ್ತಾರೆ. ಪಿಯುಸಿಯಲ್ಲಿ ತಮ್ಮ ಕಾಲೇಜಿಗೇ ಮೊದಲಿಗರಾಗಿದ್ದ ಮಕ್ಕಳು ಅವರು. ಶೇ 10 ಎಂದರೆ ತಮಗೇನೂ ಕಷ್ಟವಲ್ಲ ಎಂದು ನಂಬುತ್ತಾರೆ. ಪಕ್ಕದ ಬೆಂಚಿನವರೂ ತಮ್ಮ ಕಾಲೇಜಿಗೆ ಮೊದಲಿಗರೇ ಎಂಬುದು ಗೊತ್ತಾಗುವುದು ಸೇರಿದ ಮೇಲೆ.

ಈ ಹಣ ಎಲ್ಲಿಂದ ಬರುತ್ತದೆ ಎಂದೂ ಪೋಷಕರು ಕೇಳಿಕೊಳ್ಳಬೇಕು. ಎಷ್ಟೋ ಕಡೆ ಯಾವುದೇ ದತ್ತಿನಿಧಿ ಇರುವುದಿಲ್ಲ. ಶುಲ್ಕವನ್ನು ಮೊದಲೇ ಏರಿಸಿಟ್ಟು, ಬೇಕಾದವರಿಗೆ ಇಳಿಸಿ ಕೊಡುತ್ತಾರೆ. ಆಷಾಢದಲ್ಲಿ ಸೀರೆ ಅಂಗಡಿಯವರು ಮಾಡುವುದೂ ಅದನ್ನೇ. ಒಳ್ಳೆಯ ರ‍್ಯಾಂಕಿನ ಮಕ್ಕಳು ಬಂದರೆ ಕಾಲೇಜಿಗೆ ಹೆಸರು, ಮುಂದೆ ಕ್ಯಾಂಪಸ್ ನೇಮಕಾತಿಯ ಜಾಹೀರಾತಿಗೆ ಮುಖ. 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, ಉತ್ತಮ ಸಾಧನೆಯ ಕಾಲೇಜುಗಳ ಸೀಟು ಸಂಖ್ಯೆಯ ಮೇಲಿದ್ದ ಮಿತಿಯನ್ನು ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ತುಂಬುವ ಪೈಪೋಟಿಯೂ ಬಲವಾಗಿದೆ. ಹಾಗೆಂದು ಎಲ್ಲ ಕಾಲೇಜುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನನ್ನದೇ ಇಬ್ಬರು ವಿದ್ಯಾರ್ಥಿಗಳು ನಾಲ್ಕು ವರ್ಷವೂ ಪೂರ್ಣ ರಿಯಾಯಿತಿಯಲ್ಲಿ ಓದಿ ಬಂದಿದ್ದಾರೆ. ಅವರ ಪತ್ರದಲ್ಲಿ ಒಂದೇ ಷರತ್ತಿತ್ತು: ಯಾವ ವಿಷಯದಲ್ಲೂ ಅನುತ್ತೀರ್ಣರಾಗಬಾರದು. ಅಂಥ ಸಂಸ್ಥೆಗಳಿಗೆ ನಾನು ಕೇಳುತ್ತಿರುವ ಪಾರದರ್ಶಕತೆಯಿಂದ ಲಾಭವೇ ಹೊರತು ನಷ್ಟವಿಲ್ಲ.

ಸರ್ಕಾರದ ವಿದ್ಯಾರ್ಥಿವೇತನಗಳನ್ನು ಪಕ್ಕದಲ್ಲಿಟ್ಟು ನೋಡಿ. ಕೇಂದ್ರ ವಲಯದ ವಿದ್ಯಾರ್ಥಿವೇತನ ಎಂಜಿನಿಯರಿಂಗ್ ಮಕ್ಕಳಿಗೆ ಮೊದಲ ಮೂರು ವರ್ಷ ತಲಾ 12,000 ರೂಪಾಯಿ, ನಾಲ್ಕನೇ ವರ್ಷ 20,000 ಕೊಡುತ್ತದೆ. ಮುಂದುವರಿಸಲು ಕೇಳುವುದು ಶೇ 50 ಅಂಕ ಮತ್ತು ಶೇ 75 ಹಾಜರಿ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆ ವರ್ಷಕ್ಕೆ 50,000 ಕೊಡುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಇನ್ನು ಸೂಪರ್‌ನ್ಯೂಮರರಿ ಕೋಟಾ. ಪ್ರತಿ ಕೋರ್ಸಿನ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ, ಇದೇ 8 ಲಕ್ಷದ ಆದಾಯ ಮಿತಿಯೊಳಗಿನ ಮಕ್ಕಳಿಗೆ ಸಿಇಟಿ ರ‍್ಯಾಂಕಿನ ಮೇಲೆಯೇ ಕೊಡುತ್ತಾರೆ. ನಿಜವಾದ ಪ್ರತಿಭಾ ವಿದ್ಯಾರ್ಥಿವೇತನ ಎಂದರೆ ನನ್ನ ದೃಷ್ಟಿಯಲ್ಲಿ ಇದು. ಆದರೆ ಹೊಂಬಣ್ಣದ ಪತ್ರದಲ್ಲಿ ಇದು ಯಾರ ಮನೆಗೂ ಬರುವುದಿಲ್ಲ. ಅರ್ಜಿಯಲ್ಲಿ ಆ ಕಲಂ ತುಂಬದೆ ಬಿಟ್ಟವರನ್ನು, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿ ನಮೂದಿಸದೆ ಕಳೆದುಕೊಂಡವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ನನ್ನ ಆ ವಿದ್ಯಾರ್ಥಿನಿಯೂ ಅವರಲ್ಲೊಬ್ಬಳು. ಅರ್ಜಿ ತುಂಬಿದ ದಿನ ನಾನು ರಜೆಯಲ್ಲಿದ್ದೆ. ಆ ನೋವು ನನಗೆ ಇನ್ನೂ ಇದೆ.

ಈಗ ಸಮಯದ ಮಾತು. 2024ರಲ್ಲಿ ಸಿಇಟಿ ನಡೆದದ್ದು ಏಪ್ರಿಲ್ 18 ಮತ್ತು 19ರಂದು, ಫಲಿತಾಂಶ ಬಂದದ್ದು ಜೂನ್ 1ರಂದು. ಆಮೇಲೆ ದಾಖಲೆ ಪರಿಶೀಲನೆ, ಇಚ್ಛೆಗಳ ದಾಖಲು, ಅಣಕು ಹಂಚಿಕೆ, ನಂತರ ನಿಜವಾದ ಮೊದಲ ಸುತ್ತು. ಇದೆಲ್ಲ ಮುಗಿಯುವಾಗ ಮಳೆಗಾಲ ಅರ್ಧ ಕಳೆದಿರುತ್ತದೆ. ವಿದ್ಯಾರ್ಥಿವೇತನದ ಪತ್ರಗಳ ಗಡುವು ಮಾರ್ಚ್, ಏಪ್ರಿಲ್, ಮೇ. ಕೈಯಲ್ಲಿ ರ‍್ಯಾಂಕೇ ಇಲ್ಲದ ಹುಡುಗ ಹೋಲಿಸುವುದು ಯಾವುದರೊಂದಿಗೆ? ಹೋಲಿಸಲು ಬಿಡಬಾರದು ಎಂದೇ ಗಡುವನ್ನು ಅಷ್ಟು ಮುಂಚೆ ಇಡುತ್ತಾರೆ ಎಂದು ನಾನು ನಂಬಿದ್ದೇನೆ. ಸೀಟು ಬಿಟ್ಟರೆ ಶುಲ್ಕ ಹಿಂದಿರುಗಿಸುವ ನಿಯಮ ಇದೆ. ಕೋರ್ಸ್ ಆರಂಭವಾಗುವ ಮೊದಲು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ ಎನ್ನುತ್ತದೆ ಎಐಸಿಟಿಇ. ಯುಜಿಸಿಯ 2018ರ ಅಧಿಸೂಚನೆ ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. ಆದರೂ ‘ಕಟ್ಟಿದ್ದು ಹೋಯಿತು’ ಎಂಬ ಒಂದು ಮಾತಿಗೆ ಹೆದರಿ ಸುಮ್ಮನಾದ ಪೋಷಕರು ನನ್ನ ಮೇಜಿನ ಎದುರು ಕುಳಿತಿದ್ದಾರೆ. 50,000 ಬಿಡಲಾರದೆ ಅವರು ಸಿಇಟಿಯ ಒಳ್ಳೆಯ ಸೀಟನ್ನು ಬಿಟ್ಟಿದ್ದಾರೆ.

ಖಾಸಗಿ ಸಂಸ್ಥೆಗಳ ವ್ಯವಹಾರದಲ್ಲಿ ಕೈ ಹಾಕಲು ನಮಗೆ ಅಧಿಕಾರವಿಲ್ಲ ಎಂದು ನೀವು ಹೇಳಬಹುದು. ನಮ್ಮ ಜಿಲ್ಲೆಯವನಾಗಿ ನಾನು ಒಂದು ಹಳೆಯ ಪ್ರಕರಣ ನೆನಪಿಸುತ್ತೇನೆ. ಮೀರತ್‌ನಿಂದ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ ಮೋಹಿನಿ ಜೈನ್ ಅವರ ಎದುರು ಇದ್ದದ್ದು ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಎಂಬ ಅಂದಿನ ದರ. ಸರ್ಕಾರಿ ಸೀಟಿಗೆ ಆಗ 2,000. ಅವರು ಕರ್ನಾಟಕ ರಾಜ್ಯದ ವಿರುದ್ಧವೇ ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲು ಮಾಡುವ ಹಣ, ಸಂವಿಧಾನಬಾಹಿರ ಎಂದು 1992ರಲ್ಲಿ ತೀರ್ಪು ಬಂತು. ಮುಂದೆ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಖಾಸಗಿ ಸಂಸ್ಥೆಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ಕೊಟ್ಟಿತಾದರೂ ಲಾಭಕೋರತನಕ್ಕೆ ಅವಕಾಶವಿಲ್ಲ ಎಂದಿತು. 2005ರ ಇನಾಂದಾರ್ ತೀರ್ಪು ಪ್ರವೇಶ ಪ್ರಕ್ರಿಯೆ ನ್ಯಾಯಯುತವಾಗಿರಬೇಕು, ಪಾರದರ್ಶಕವಾಗಿರಬೇಕು, ಶೋಷಣೆಗೆ ಎಡೆಯಿಲ್ಲದಂತಿರಬೇಕು ಎಂದು ಹೇಳಿತು. ಮೂರೂ ಪ್ರಕರಣಗಳಲ್ಲಿ ಶುಲ್ಕದ ಪ್ರಶ್ನೆ ಇತ್ತು, ಎರಡರಲ್ಲಿ ಕರ್ನಾಟಕವೇ ಇತ್ತು. ಸಣ್ಣ ಅಕ್ಷರದಲ್ಲಿ ಅಡಗಿದ ಷರತ್ತನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದು ಹೇಳಲು ಇದಕ್ಕಿಂತ ಹೆಚ್ಚಿನ ಅಧಿಕಾರ ಬೇಕೇ?

ನಾನು ಕೇಳುವುದು ಇಷ್ಟೇ. ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟಿಗೆ ವಿದ್ಯಾರ್ಥಿವೇತನದ ಆಮಂತ್ರಣ ಕಳುಹಿಸುವ ಪ್ರತಿ ಸಂಸ್ಥೆಯೂ, ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಧೀನದ ಕಾಲೇಜಾಗಿರಲಿ, ಖಾಸಗಿ ವಿಶ್ವವಿದ್ಯಾಲಯವಾಗಿರಲಿ, ಒಂದು ಪುಟದ ನಮೂನೆಯನ್ನು ಕನ್ನಡದಲ್ಲಿ ತುಂಬಿ ಕೊಡಬೇಕು. ಅದರಲ್ಲಿ ಶೇಕಡಾ ಗುರುತು ಇರಬಾರದು. ನಾಲ್ಕು ವರ್ಷಕ್ಕೆ ಹಾಸ್ಟೆಲ್ ಸೇರಿ ಒಟ್ಟು ಎಷ್ಟು ರೂಪಾಯಿ, ವಿದ್ಯಾರ್ಥಿವೇತನ ಉಳಿದರೆ ಎಷ್ಟು, ಮೊದಲ ವರ್ಷದ ಕೊನೆಗೆ ತಪ್ಪಿದರೆ ಎಷ್ಟು, ಎರಡೂ ಮೊತ್ತ ಅಕ್ಕಪಕ್ಕದಲ್ಲಿರಬೇಕು. ಕೆಳಗೆ ಇನ್ನೊಂದು ಸಾಲು: ಹಿಂದಿನ ಮೂರು ವರ್ಷಗಳಲ್ಲಿ ಎಷ್ಟು ಮಕ್ಕಳಿಗೆ ಕೊಟ್ಟಿರಿ, ಎರಡನೇ ವರ್ಷಕ್ಕೆ ಅವರಲ್ಲಿ ಎಷ್ಟು ಜನರಿಗೆ ಉಳಿದಿತ್ತು. ಈ ಒಂದು ಸಾಲು ಬಂದರೆ ನನ್ನ ಅರ್ಧ ಕೆಲಸ ಮುಗಿಯುತ್ತದೆ. ಪತ್ರದ ಗಡುವು ಪ್ರಾಧಿಕಾರದ ಮೊದಲ ಸುತ್ತಿನ ಹಂಚಿಕೆಯ ನಂತರ ಕನಿಷ್ಠ ಒಂದು ವಾರ ಇರಲಿ. ಮೊದಲ ವರ್ಷದ ಅಂಕಗಳ ಮೇಲೆ ವಿದ್ಯಾರ್ಥಿವೇತನ ಕಿತ್ತುಕೊಳ್ಳದಿರಲಿ. ಆಮೇಲೆ ತಪ್ಪಿದರೂ ಮರಳಿ ಗಳಿಸಲು ಒಂದು ಸೆಮಿಸ್ಟರ್ ಅವಕಾಶವಿರಲಿ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸಂಘದೊಂದಿಗೆ ಸರ್ಕಾರ ಸೀಟು ಮತ್ತು ಶುಲ್ಕದ ಒಪ್ಪಂದ ಮಾಡಿಕೊಳ್ಳುತ್ತದಲ್ಲ, ಆ ಮಾತುಕತೆಯಲ್ಲೇ ಇದನ್ನು ಒಂದು ಕಲಂ ಆಗಿ ಸೇರಿಸಬಹುದು. ಇಚ್ಛೆ ದಾಖಲಿಸುವ ಪರದೆಯಲ್ಲಿ ಕಾಲೇಜಿನ ಹೆಸರಿನ ಪಕ್ಕದಲ್ಲೇ ಶುಲ್ಕವನ್ನೂ, ಸೂಪರ್‌ನ್ಯೂಮರರಿ ಸೀಟುಗಳ ಸಂಖ್ಯೆಯನ್ನೂ ತೋರಿಸುವುದು ಪ್ರಾಧಿಕಾರಕ್ಕೆ ದೊಡ್ಡ ಕೆಲಸವಲ್ಲ.

ಈ ಪತ್ರ ಓದುವ ಪೋಷಕರಿಗೂ ಒಂದು ಮಾತು. ನಿಮ್ಮ ಮನೆಗೆ ಅಂಥ ಪತ್ರ ಬಂದಿದ್ದರೆ ಹೆಮ್ಮೆಪಡಿ, ಮಗು ಅದನ್ನು ಗಳಿಸಿದೆ. ಆದರೆ ಶೇಕಡಾವನ್ನು ಮರೆತು ಒಂದು ಪ್ರಶ್ನೆ ಇಟ್ಟುಕೊಳ್ಳಿ: ವಿದ್ಯಾರ್ಥಿವೇತನ ನಾಳೆ ನಿಂತುಹೋದರೂ ನಾನು ಈ ಕಾಲೇಜಿನ ಶುಲ್ಕ ಕಟ್ಟಬಲ್ಲೆನೇ? ಇಲ್ಲ ಎಂದಾದರೆ ಆ ಕಾಲೇಜು ನಿಮ್ಮ ಮಗುವಿನ ಬೆನ್ನ ಮೇಲೆ ನಾಲ್ಕು ವರ್ಷ ಭಾರ ಹೊರಿಸುತ್ತದೆ. ಪ್ರತಿ ಕಿರುಪರೀಕ್ಷೆಗೂ ಮುಂಚೆ ಆ ಹುಡುಗಿ ನಿದ್ದೆ ಮಾಡುತ್ತಿರಲಿಲ್ಲ. ಪಠ್ಯಕ್ಕಿಂತ ತೋಟ ಅವಳ ಕಣ್ಣ ಮುಂದೆ ಬರುತ್ತಿತ್ತಂತೆ. ಸಾಧ್ಯವಾದರೆ ಅದೇ ಕಾಲೇಜಿನ ಎರಡನೇ, ಮೂರನೇ ವರ್ಷದ ಇಬ್ಬರು ಮಕ್ಕಳನ್ನು ಗೇಟಿನ ಹೊರಗೆ, ಚಹಾ ಅಂಗಡಿಯಲ್ಲಿ ಮಾತನಾಡಿಸಿ. ಪ್ರವೇಶ ವಿಭಾಗದವರು ಹೇಳದ್ದನ್ನು ಅವರು ಐದು ನಿಮಿಷದಲ್ಲಿ ಹೇಳುತ್ತಾರೆ. ವಿಶ್ವೇಶ್ವರಯ್ಯನವರು ದೂರದೃಷ್ಟಿಯಿಂದ 1917ರಲ್ಲಿ ಆರಂಭಿಸಿದ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಇಂದಿಗೂ ಬೆಂಗಳೂರಿನ ನಡುವೆ ಕಡಿಮೆ ಶುಲ್ಕದಲ್ಲಿ ಕಲಿಸುತ್ತಿದೆ. ಹಾಸನ, ಹಾವೇರಿ, ರಾಮನಗರ, ಚಾಮರಾಜನಗರದಂಥ ಕಡೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಟ್ಟಡಕ್ಕೆ ಗಾಜಿನ ಗೋಡೆ ಇಲ್ಲ ಎಂಬ ಕಾರಣಕ್ಕೆ ಅವುಗಳನ್ನು ಪಟ್ಟಿಯಿಂದ ಅಳಿಸಬೇಡಿ.

ಆ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಚೆನ್ನಾಗಿ ಓದುತ್ತಿದ್ದಾಳೆ. ಕಳೆದ ತಿಂಗಳು ಊರಿಗೆ ಬಂದಾಗ ನಮ್ಮ ಕಾಲೇಜಿಗೂ ಬಂದಿದ್ದಳು. ಈ ವರ್ಷದ ಮಕ್ಕಳಿಗೆ ತೋರಿಸಿ ಸರ್ ಎಂದು ಆ ಪತ್ರದ ಪ್ರತಿಯನ್ನು ಕೊಟ್ಟು ಹೋದಳು. ಅವಳ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಮಸಿಯಿಂದ ಮುಚ್ಚಿ, ನಿಮಗೆ ಅಂಚೆಯಲ್ಲಿ ಕಳುಹಿಸುತ್ತಿರುವ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಮೊದಲ ಪುಟವನ್ನು ಬಿಟ್ಟುಬಿಡಿ. ಮೂರನೇ ಪುಟ, ಒಂಬತ್ತನೇ ಷರತ್ತು. ಕೆಂಪು ಪೆನ್ನಿನಿಂದ ಗೆರೆ ಎಳೆದವರು ಅವಳ ಅಪ್ಪ.

ಇಂತಿ ತಮ್ಮ ವಿಶ್ವಾಸಿ,
ತಿಪಟೂರು ತಾಲ್ಲೂಕಿನ ಒಬ್ಬ ಗಣಿತ ಉಪನ್ಯಾಸಕ